ರುಮಾಲೆಯವರ ಮರಗಳು ಯಾರವು?

ರುಮಾಲೆ ಚನ್ನಬಸವಯ್ಯನವರ ಬದುಕನ್ನು ಹೇಳುವವರು ಸಾಮಾನ್ಯವಾಗಿ ಅದನ್ನು ಎರಡು ತುಂಡು ಮಾಡಿಯೇ ಹೇಳುತ್ತಾರೆ. ಮೊದಲ ತುಂಡಿನಲ್ಲಿ ಖಾದಿ, ಸೇವಾದಳ, ಸೆರೆಮನೆ, ‘ತಾಯಿನಾಡು’ ಪತ್ರಿಕೆ, ವಿಧಾನ ಪರಿಷತ್ತು. ಎರಡನೆಯದರಲ್ಲಿ ಈಸಲ್ಲು, ಬಣ್ಣದ ಟ್ಯೂಬು, ಲಾಲ್‌ಬಾಗು, ಮೈತುಂಬ ಹೂಬಿಟ್ಟ ಮರ. ರಾಜಕೀಯದ ಗದ್ದಲ ಸಾಕೆನಿಸಿದ ಗಾಂಧಿವಾದಿಯೊಬ್ಬರು ಐವತ್ತರ ಆಸುಪಾಸಿನಲ್ಲಿ ಪ್ರಕೃತಿಯ ಮಡಿಲಿಗೆ ಮರಳಿದರು ಎಂಬುದು ಈ ಕಥೆಯ ಸಾರಾಂಶ. ಕೇಳಲು ಹಿತವಾಗಿದೆ, ವಾನಪ್ರಸ್ಥವೆಂದರೆ ನಮಗೆ ಮೊದಲಿನಿಂದಲೂ ಗೌರವ. ಆದರೆ ಅವರ ಚಿತ್ರಗಳ ಮುಂದೆ ಹತ್ತು ನಿಮಿಷ ನಿಂತರೆ ಈ ಕಥೆಯ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಅವರು ಕೂತು ಬರೆದ ಮರಗಳು ಕಾಡಿನವಲ್ಲ. ಯಾರೋ ಯೋಚಿಸಿ ಆರಿಸಿದ, ಸರ್ಕಾರದ ಹಣದಲ್ಲಿ ಪಾತಿ ಮಾಡಿ ಬೆಳೆಸಿದ, ರಸ್ತೆಯ ಅಂಚಿಗೆ ತಂದು ನೆಟ್ಟು ನೀರೆರೆದ ಮರಗಳು ಅವು. ಊರಿನ ಕೆರೆ, ಊರಿನ ಮಾರುಕಟ್ಟೆ ಎನ್ನುವ ಹಾಗೆ ಅವೂ ಊರಿನ ಆಸ್ತಿ. ಸಾರ್ವಜನಿಕ ಜೀವನದಲ್ಲಿ ಮೂರು ದಶಕ ಕಳೆದವರು ಕುಂಚ ಹಿಡಿದಾಗ ಕಣ್ಣು ಹೋದದ್ದು ಸಾರ್ವಜನಿಕ ಆಸ್ತಿಯ ಕಡೆಗೇ. ಹಾಗಾಗಿ ಆ ಬದುಕಿನಲ್ಲಿ ತುಂಡಾದದ್ದು ಏನೂ ಇಲ್ಲ ಎಂಬುದು ನನ್ನ ವಾದ. ಅದನ್ನು ಒಪ್ಪಿಸಲು ರುಮಾಲೆಯವರಿಗಿಂತ ಒಂದೂಮುಕ್ಕಾಲು ಶತಮಾನ ಹಿಂದಕ್ಕೆ ಹೋಗಬೇಕು. ಬೆಂಗಳೂರಿನ ಸೀಮೆಯನ್ನು ಅವರಿಗಿಂತ ಮೊದಲು ಯಾರು, ಯಾವ ಕಾರಣಕ್ಕೆ ಚಿತ್ರವಾಗಿಸಿದ್ದರು ಎಂಬುದು ತಿಳಿಯದೆ ಅವರು ಮಾಡಿದ್ದೇನು ಎಂಬುದು ಕಾಣುವುದಿಲ್ಲ.

ಈ ಸೀಮೆಯ ಮೊದಲ ಭೂದೃಶ್ಯ ಚಿತ್ರಗಳು ದಂಡಿನ ಜೊತೆ ಬಂದವು. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸನ ಸೇನೆ ಮೊದಲು ಬೆಂಗಳೂರು ಪೇಟೆಯನ್ನೂ ಎರಡು ವಾರದ ಬಳಿಕ ಕೋಟೆಯನ್ನೂ ಹಿಡಿಯಿತು. ಆ ದಂಡಿನ ಜೊತೆಗಿದ್ದ ಚಿತ್ರಕಾರ ರಾಬರ್ಟ್ ಹೋಮ್. ಪೇಟೆಯ ಬಾಗಿಲಲ್ಲಿ ಸತ್ತ ಕರ್ನಲ್ ಮೂರ್‌ಹೌಸನ ಸಾವನ್ನು ಆತ ದೊಡ್ಡ ತೈಲಚಿತ್ರವಾಗಿಸಿದ. ಬೆಂಗಳೂರು, ಸಾವನದುರ್ಗ, ಶಿವಗಂಗೆ ಮೊದಲಾದ ಕಡೆಯ ನೋಟಗಳನ್ನು ಬರೆದು ‘ಸೆಲೆಕ್ಟ್ ವ್ಯೂಸ್ ಇನ್ ಮೈಸೂರ್’ ಎಂಬ ಹೆಸರಿನಲ್ಲಿ 1794ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ. ಅದೇ ವರ್ಷಗಳಲ್ಲಿ ಕೋಲ್‌ಬ್ರೂಕ್, ಅಲೆಕ್ಸಾಂಡರ್ ಅಲನ್ ಎಂಬ ಇಬ್ಬರು ಸೇನಾಧಿಕಾರಿಗಳ ಇಂಥದ್ದೇ ಸಂಪುಟಗಳು ಬಂದವು. ಫಿರಂಗಿ ದಳದ ಜೇಮ್ಸ್ ಹಂಟರ್ 1792ರಲ್ಲೇ ತೀರಿಕೊಂಡರೂ ಅವನ ಚಿತ್ರಗಳು ಹತ್ತು ಹನ್ನೆರಡು ವರ್ಷಗಳ ಮೇಲೆ ಅಚ್ಚಾದವು. ಇದು ಆಕಸ್ಮಿಕವಲ್ಲ. ವುಲಿಚ್‌ನ ಸೇನಾ ಅಕಾಡೆಮಿಯಲ್ಲಿ 1768ರಿಂದ ಚಿತ್ರಕಲೆ ಕಲಿಸುತ್ತಿದ್ದವನು ಪಾಲ್ ಸ್ಯಾಂಡ್‌ಬಿ, ಇಂಗ್ಲೆಂಡಿನ ಜಲವರ್ಣದ ದೊಡ್ಡ ಹೆಸರುಗಳಲ್ಲೊಂದು. ಗುಡ್ಡದ ಇಳಿಜಾರು ಎಷ್ಟು, ಗೋಡೆಯ ಬುಡ ಎಲ್ಲಿ ತೆರೆದಿದೆ, ಕಂದಕಕ್ಕೆ ನೀರು ಯಾವ ಕಡೆಯಿಂದ ಬರುತ್ತದೆ ಎಂದು ನೋಡಿ ಗೀಚಿಕೊಳ್ಳುವುದು ಆ ಕಾಲದ ಅಧಿಕಾರಿಗೆ ಕತ್ತಿವರಸೆಯಷ್ಟೇ ಅಗತ್ಯವಾದ ವಿದ್ಯೆಯಾಗಿತ್ತು. ಅಳತೆಯ ಆ ಕಣ್ಣಿಗೆ ‘ಪಿಕ್ಚರೆಸ್ಕ್’ ಎಂಬ ಆಗಿನ ಇಂಗ್ಲಿಷ್ ರುಚಿಯೂ ಸೇರಿತು: ಮುಂದುಗಡೆ ಒಂದು ಬಾಗಿದ ಮರ, ಅದರ ಕೆಳಗೆ ಒಂದಿಬ್ಬರು ದಾರಿಹೋಕರು, ನಡುವೆ ಬಯಲು, ಹಿಂದೆ ದುರ್ಗ. ಈ ಚಿತ್ರಗಳಲ್ಲಿ ಮರ ಇದ್ದೇ ಇದೆ. ಆದರೆ ಅದು ಯಾವ ಮರ ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ಅದು ಚೌಕಟ್ಟಿನ ಕೆಲಸ ಮಾಡುವ ಮರ. ನೋಟಕ್ಕೆ ಗುರಿಯಾದದ್ದು ಕೋಟೆ.

ಹೋಮನ ಸಾವನದುರ್ಗವನ್ನು ನಮ್ಮವರು ನೋಡುವ ಸಂಭವ ಆಗ ಇರಲಿಲ್ಲ. ಕನ್ನಡದ ಸಾಮಾನ್ಯ ಪ್ರೇಕ್ಷಕ ಭೂದೃಶ್ಯವನ್ನು ಮೊದಲು ಕಣ್ತುಂಬ ಕಂಡದ್ದು ನಾಟಕದ ಪರದೆಯ ಮೇಲೆ. ಕಂಪನಿ ನಾಟಕಗಳ ಕಾಡಿನ ಪರದೆ, ಬೀದಿಯ ಪರದೆ, ಉದ್ಯಾನದ ಪರದೆಗಳು ಇಡೀ ರಾಜ್ಯ ಸುತ್ತುತ್ತಿದ್ದವು. ಅದೇ ಮಾದರಿಯ ಪರದೆಗಳು ಫೋಟೋ ಸ್ಟುಡಿಯೋಗಳ ಹಿಂಗೋಡೆಗೂ ಬಂದವು. ಆ ಪರದೆಗಳಲ್ಲಿ ಊರು ಯಾವುದೂ ಆಗಬಹುದಿತ್ತು, ದುಷ್ಯಂತನಿಗೂ ಹರಿಶ್ಚಂದ್ರನಿಗೂ ಒಂದೇ ಕಾಡು ಸಾಲುತ್ತಿತ್ತು. ರವಿವರ್ಮನ ಚಿತ್ರಗಳಲ್ಲೂ, ಅವನು ಕೊನೆಯ ವರ್ಷಗಳಲ್ಲಿ ಮೈಸೂರು ಅರಮನೆಗೆ ಬರೆದವುಗಳನ್ನೂ ಸೇರಿಸಿ, ನೆಲ ಮತ್ತು ಆಕಾಶ ದೇವತೆಗಳ ಬೆನ್ನಿಗೆ ಹಾಸಿದ ಬಟ್ಟೆ. ಭೂದೃಶ್ಯವೇ ಚಿತ್ರದ ವಿಷಯವಾಗಬಹುದೆಂದು ಮೈಸೂರು ಸಂಸ್ಥಾನದಲ್ಲಿ ಗಟ್ಟಿಯಾಗಿ ತೋರಿಸಿಕೊಟ್ಟವರು ಕೆ. ವೆಂಕಟಪ್ಪ. ಅರಮನೆ ಚಿತ್ರಕಾರರ ಮನೆತನದಲ್ಲಿ ಹುಟ್ಟಿ, 1909ರಲ್ಲಿ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು, 1916ರಲ್ಲಿ ಹಿಂದಿರುಗಿದ ವೆಂಕಟಪ್ಪನವರ ಕೈಯಲ್ಲಿ ಜಲವರ್ಣ ಎಷ್ಟು ಸೂಕ್ಷ್ಮವಾಯಿತೆಂದರೆ ಮಂಜು ಗುಡ್ಡವನ್ನು ಮುಚ್ಚುವ ಹಂತ ಹಂತವೂ ಅದರಲ್ಲಿ ಕಾಣುತ್ತದೆ. ಆದರೆ ಅವರಿಗೆ ಹೆಸರು ತಂದ ಭೂದೃಶ್ಯಗಳು ಊಟಿ ಮತ್ತು ಕೊಡೈಕೆನಾಲ್‌ಗಳವು. ಮದರಾಸು ಪ್ರಾಂತ್ಯದ ಬೇಸಗೆಯ ರಾಜಧಾನಿಯಾಗಿದ್ದ ಊಟಿ ಬ್ರಿಟಿಷರು ತಮ್ಮ ಊರಿನ ನೆನಪಿಗೆ ಕಟ್ಟಿಕೊಂಡ ಜಾಗ. ಮೈಸೂರಿನ ಮಹಾನ್ ಭೂದೃಶ್ಯಕಾರ ದೃಶ್ಯಕ್ಕಾಗಿ ಗಡಿ ದಾಟಿ ಬೆಟ್ಟ ಹತ್ತಿದರು ಎಂಬುದರಲ್ಲಿ ತಪ್ಪೇನಿಲ್ಲ, ಆದರೆ ಅರ್ಥವಿದೆ. ನೋಡಲು ಯೋಗ್ಯವಾದ ಪ್ರಕೃತಿ ಎಂದರೆ ಊರಿನಿಂದ ದೂರ, ಜನರಿಂದ ದೂರ ಎಂಬ ತಿಳಿವಳಿಕೆ ಆಗಿನದು. ಬಸವನಗುಡಿಯ ರಸ್ತೆಬದಿಯ ಮರ ಆ ಪಟ್ಟಿಯಲ್ಲಿ ಇರಲಿಲ್ಲ.

ರುಮಾಲೆ ಚನ್ನಬಸವಯ್ಯ ಹುಟ್ಟಿದ್ದು 1910ರಲ್ಲಿ, ದೊಡ್ಡಬಳ್ಳಾಪುರದಲ್ಲಿ. ಮಗ್ಗದ ಸದ್ದಿನ ಊರು. ಒಂದು ಕಡೆ ನಂದಿ, ಇನ್ನೊಂದು ಕಡೆ ಮಾಕಳಿದುರ್ಗ. ಎ. ಎನ್. ಸುಬ್ಬರಾಯರು 1919ರಲ್ಲಿ ಬೆಂಗಳೂರಿನಲ್ಲಿ ತೆರೆದ ಕಲಾಮಂದಿರದಲ್ಲಿ ಅವರ ಕಲಿಕೆ ಆರಂಭವಾಯಿತು, ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಮುಂದುವರಿಯಿತು. ಅಷ್ಟರಲ್ಲಿ ಸ್ವಾತಂತ್ರ್ಯ ಚಳವಳಿ ಎಳೆದುಕೊಂಡಿತು. ಅವರು ಸೇರಿದ್ದು ಸೇವಾದಳವನ್ನು. ಈ ಆಯ್ಕೆಯನ್ನು ಜೀವನಚರಿತ್ರೆಕಾರರು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ನನ್ನ ಲೆಕ್ಕದಲ್ಲಿ ಇಡೀ ಬದುಕಿನ ಕೀಲಿ ಇಲ್ಲಿದೆ. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು 1923ರಲ್ಲಿ ಕಟ್ಟಿದ ಹಿಂದೂಸ್ತಾನಿ ಸೇವಾದಳದ ಕೆಲಸ ಭಾಷಣ ಮಾಡುವುದಾಗಿರಲಿಲ್ಲ. ಬಯಲನ್ನು ಗುಡಿಸಿ ಶಿಬಿರ ಹಾಕುವುದು, ಸಾಲು ನಿಲ್ಲಿಸುವುದು, ಬಾವುಟ ಏರಿಸುವುದು, ಜಾತ್ರೆಯಷ್ಟು ಜನ ಸೇರಿದಾಗ ನೀರು, ನೆರಳು, ಶೌಚದ ವ್ಯವಸ್ಥೆ ನೋಡಿಕೊಳ್ಳುವುದು, ಇವು ಅದರ ವಿದ್ಯೆಗಳು. ಸಾರ್ವಜನಿಕ ಜಾಗ ಎನ್ನುವುದು ತಾನಾಗಿ ಆಗುವುದಿಲ್ಲ, ಅದನ್ನು ಕೈಯಾರೆ ಮಾಡಿ ಕಾಯಬೇಕು ಎಂಬ ಪಾಠ ಆ ಶಿಬಿರಗಳದ್ದು. ಮೈಸೂರು ಸಂಸ್ಥಾನದ ಚಳವಳಿಯ ಜಗಳವೂ ಕೊನೆಗೆ ಬಂದು ನಿಂತದ್ದು ಇದರ ಮೇಲೆಯೇ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಡೆದದ್ದು ಧ್ವಜ ಸತ್ಯಾಗ್ರಹ: ಬಯಲಿನಲ್ಲಿ ಬಾವುಟ ಹಾರಿಸಲು ಯಾರಿಗೆ ಹಕ್ಕು ಎಂಬ ಪ್ರಶ್ನೆ. ಅದೇ ತಿಂಗಳ 25ರಂದು, ದೊಡ್ಡಬಳ್ಳಾಪುರದಿಂದ ಗೌರಿಬಿದನೂರಿನ ದಾರಿ ಹಿಡಿದು ಮುಂದೆ ಹೋದರೆ ಸಿಗುವ ವಿದುರಾಶ್ವತ್ಥದಲ್ಲಿ ನಿಷೇಧ ಮೀರಿ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮರದ ಕೆಳಗೆ ಸೇರುವ ಹಕ್ಕಿಗಾಗಿ ಜನ ಸತ್ತ ಸೀಮೆಯಿಂದ ಬಂದ ಚಿತ್ರಕಾರ ಈತ. ಮುಂದೆ ಸೆರೆಮನೆ, ಸ್ವಾತಂತ್ರ್ಯ, ಪಿ. ಆರ್. ರಾಮಯ್ಯನವರು ಬೆಳೆಸಿದ ‘ತಾಯಿನಾಡು’ ದಿನಪತ್ರಿಕೆಯ ಹೊಣೆ, ವಿಧಾನ ಪರಿಷತ್ತಿನ ಸದಸ್ಯತ್ವ. 1960ರ ದಶಕದ ಆರಂಭದಲ್ಲಿ ಇವೆಲ್ಲವನ್ನೂ ಬದಿಗಿಟ್ಟು ಪೂರ್ತಿಯಾಗಿ ಚಿತ್ರಕ್ಕೆ ಬಂದರು. 1988ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಳ್ಳುವವರೆಗೆ ಬೇರೆ ಕಸುಬು ಮಾಡಲಿಲ್ಲ.

ಆ ಕಾಲು ಶತಮಾನದಲ್ಲಿ ಅವರು ಕರ್ನಾಟಕದ ಹಲವು ಕಡೆ ಕೂತು ಬರೆದರು, ಜಲವರ್ಣದಲ್ಲೂ ತೈಲದಲ್ಲೂ. ಆದರೆ ರುಮಾಲೆ ಎಂದರೆ ಕಣ್ಣಿಗೆ ಬರುವುದು ಬೆಂಗಳೂರಿನ ಹೂಮರಗಳೇ. ಈ ಮರಗಳ ಹಿಂದೆ ಒಂದು ಆಡಳಿತದ ಚರಿತ್ರೆಯಿದೆ. ಹೈದರ್ ಅಲಿ ಆರಂಭಿಸಿದ ಲಾಲ್‌ಬಾಗು 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಜಾನ್ ಕ್ಯಾಮೆರಾನ್ ಕಾಲದಲ್ಲಿ ಹೊರನಾಡಿನ ಗಿಡಗಳು ದಂಡಿಯಾಗಿ ಬಂದವು. 1908ರಿಂದ 1932ರವರೆಗೆ ಮೈಸೂರು ಸರ್ಕಾರದ ತೋಟಗಾರಿಕೆಯ ಚುಕ್ಕಾಣಿ ಹಿಡಿದಿದ್ದ ಕ್ರುಂಬಿಗಲ್, ಡ್ರೆಸ್ಡೆನ್ ಬಳಿ ಹುಟ್ಟಿ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ ಬರೋಡೆಯ ಮೂಲಕ ಇಲ್ಲಿಗೆ ಬಂದ ಜರ್ಮನ್, ಒಂದು ಬೀದಿಯ ಹೂ ಉದುರುವ ಹೊತ್ತಿಗೆ ಇನ್ನೊಂದು ಬೀದಿಯಲ್ಲಿ ಹೂ ಬಿಡುವಂತೆ ಸಾಲುಮರಗಳನ್ನು ಆರಿಸಬೇಕೆಂಬ ಕ್ರಮಕ್ಕೆ ಹೆಸರಾದರು. ಅವರ ಬಳಿಕ ಎಚ್. ಸಿ. ಜವರಾಯ, ಎಂ. ಎಚ್. ಮರೀಗೌಡರು ಆ ಕೆಲಸ ಮುಂದುವರಿಸಿದರು. ಹೀಗಾಗಿ ಬೆಂಗಳೂರಿನ ವಸಂತ ಎಂಬುದು ಅರ್ಧ ಪಂಚಾಂಗದ್ದು, ಅರ್ಧ ಇಲಾಖೆಯದ್ದು. ಚಳಿ ಇಳಿಯುವಾಗ ಗುಲಾಬಿ ಟಬೆಬುಯಾ, ಫೆಬ್ರವರಿ ಕಳೆಯುತ್ತಲೇ ಹಳದಿ ಟಬೆಬುಯಾ, ಮಾರ್ಚ್‌ನಲ್ಲಿ ನೀಲಿಯ ಜಕರಾಂಡ, ಏಪ್ರಿಲ್ ಮೇನಲ್ಲಿ ಗುಲ್‌ಮೊಹರು ಮತ್ತು ಕಾಪರ್ ಪಾಡ್. ರುಮಾಲೆಯವರು ಈ ಸರದಿಯನ್ನೇ ಹಿಂಬಾಲಿಸಿದರು. ಅವರ ಹೂಮರಗಳ ಚಿತ್ರಗಳನ್ನು ಋತುವಿನ ಕ್ರಮದಲ್ಲಿ ಜೋಡಿಸಿದರೆ ತೋಟಗಾರಿಕೆ ಇಲಾಖೆಯ ನೆಡುವಿಕೆಯ ಯೋಜನೆಯೇ ಬಣ್ಣದಲ್ಲಿ ತೆರೆದುಕೊಳ್ಳುತ್ತದೆ.

ಇದು ಬರೆಯಲು ಸುಲಭದ ವಸ್ತುವಲ್ಲ. ಹಳದಿ ಟಬೆಬುಯಾ ಎಲೆಯನ್ನೆಲ್ಲ ಉದುರಿಸಿ ಹೂ ಹೊರುವ ಮರ. ಹಸಿರಿನ ಆಸರೆಯಿಲ್ಲ, ಬೂದುಬಣ್ಣದ ಬಿರುಕು ತೊಗಟೆಯ ಕೊಂಬೆಗಳು, ತುದಿತುದಿಯಲ್ಲಿ ಹಳದಿಯ ಗೊಂಚಲು, ಹಿಂದೆ ಬೇಸಗೆಯ ಬಿಳಿಚಿದ ಆಕಾಶ. ಹಳದಿಯೂ ತಿಳಿ, ಆಕಾಶವೂ ತಿಳಿ. ಎರಡರ ನಡುವೆ ಮರ ನಿಲ್ಲಬೇಕಾದರೆ ಚಿತ್ರಕಾರ ಒಂದೋ ಆಕಾಶವನ್ನು ಕಂಡದ್ದಕ್ಕಿಂತ ಗಾಢ ಮಾಡಬೇಕು, ಇಲ್ಲವೇ ಹಳದಿಯ ಒಳಗೇ ಕಿತ್ತಳೆ, ಕಂದು, ಹಸಿರುಮಿಶ್ರ ಹಳದಿ ಎಂದು ನೆರಳು ಹುಟ್ಟಿಸಬೇಕು. ರುಮಾಲೆಯವರು ಎರಡನ್ನೂ ಮಾಡಿದರು. ಬಣ್ಣವನ್ನು ತೀಡಿ ಹರಡದೆ ಗಿಡ್ಡ, ದಪ್ಪ ಗೀರುಗಳಲ್ಲಿ ಇಟ್ಟರು. ಹತ್ತಿರ ಹೋದರೆ ಹೂ ಕಾಣುವುದಿಲ್ಲ, ಗೀರುಗಳ ದಿಕ್ಕು ಮಾತ್ರ ಕಾಣುತ್ತದೆ, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಗೊಂಚಲು ಕೂಡಿಕೊಳ್ಳುತ್ತದೆ. ಜೊತೆಗೆ ಕಾಲದ ಒತ್ತಡ. ಆ ಮರ ತುಂಬಿ ನಿಲ್ಲುವುದು ಹೆಚ್ಚೆಂದರೆ ವಾರ, ಹತ್ತು ದಿನ. ನಡುವೆ ಒಂದು ಗಾಳಿಮಳೆ ಬಂದರೆ ಅರ್ಧ ಹೂ ನೆಲದ ಮೇಲೆ. ಸ್ಥಳದಲ್ಲೇ ಕೂತು ಬರೆಯುವ ಪಟ್ಟು ಹಿಡಿದವರಿಗೆ ಮರುಭೇಟಿಯ ಅವಕಾಶ ಮುಂದಿನ ವರ್ಷಕ್ಕೆ. ಹಾಗಾಗಿ ಅವರ ಕ್ಯಾನ್‌ವಾಸುಗಳಲ್ಲಿ ಕಾಣುವ ಅವಸರವನ್ನು ಶೈಲಿಯ ಚಪಲ ಎನ್ನುವುದು ಅನ್ಯಾಯ. ಅದು ಮರ ಹಾಕಿದ ಗಡುವು.

ಈ ಚಿತ್ರಗಳನ್ನು ನಾಗರಿಕ ಚಿತ್ರಗಳು ಎಂದು ಕರೆಯಲು ನನಗೆ ಮೂರು ಆಧಾರಗಳು ಕಾಣುತ್ತವೆ. ಅವರು ಬರೆದ ಜಾಗಗಳು ಯಾವುವು ಎಂಬುದು ಒಂದು. ಲಾಲ್‌ಬಾಗು, ಕಬ್ಬನ್ ಪಾರ್ಕು, ಸಾಲುಮರದ ರಸ್ತೆಗಳು: ಅಪ್ಪಣೆ ಕೇಳದೆ ಯಾರೂ ಹೋಗಿ ನಿಲ್ಲಬಹುದಾದ ಕಡೆಗಳು. ಬಂಗಲೆಗಳ ಕಾಂಪೌಂಡಿನೊಳಗೂ ಬೆಂಗಳೂರಿನಲ್ಲಿ ಚೆಂದದ ತೋಟಗಳಿದ್ದವು. ಅವು ಅವರ ಮುಖ್ಯ ವಸ್ತುವಾಗಲಿಲ್ಲ. ಬರೆದ ಕ್ರಮ ಇನ್ನೊಂದು. ಸ್ಟುಡಿಯೋದ ಏಕಾಂತ ಬಿಟ್ಟು ಬೀದಿಯಂಚಿನಲ್ಲಿ ಈಸಲ್ ನಿಲ್ಲಿಸಿದಾಗ ಚಿತ್ರ ಬರೆಯುವ ಕೆಲಸವೇ ನಾಲ್ಕು ಜನರ ಕಣ್ಣೆದುರಿಗೆ ಬರುತ್ತದೆ. ಹಾಲಿನವನೂ ಶಾಲೆಯ ಮಕ್ಕಳೂ ನಿಂತು ನೋಡಬಹುದಾದ ಕೆಲಸ ಅದು, ಅಭಿಪ್ರಾಯ ಹೇಳಿಯೂ ಹೋಗಬಹುದು. ಮೂರನೆಯದು ಕಾಲ, ಮತ್ತು ಅದೇ ಹೆಚ್ಚು ಬಲವಾದದ್ದು. ಬೆಂಗಳೂರು 1949ರವರೆಗೆ ಒಂದು ಊರಾಗಿರಲಿಲ್ಲ. ಒಂದು ಕಡೆ ಮೈಸೂರು ಸರ್ಕಾರದ ಪೇಟೆ, ಇನ್ನೊಂದು ಕಡೆ ಬ್ರಿಟಿಷರ ಕೈಯಲ್ಲಿದ್ದ ದಂಡು, ಎರಡಕ್ಕೂ ಬೇರೆ ಬೇರೆ ಪುರಸಭೆ, ನಡುವೆ 1870ರಲ್ಲಿ ಆದ ಕಬ್ಬನ್ ಪಾರ್ಕು. 1949ರಲ್ಲಿ ಎರಡೂ ಸೇರಿ ಒಂದು ಕಾರ್ಪೊರೇಷನ್ ಆದವು. ಕಾಗದದ ಮೇಲೆ ಸೇರಿದ ಊರುಗಳು ಮನಸ್ಸಿನಲ್ಲಿ ಸೇರಲು ತಡವಾಗುತ್ತದೆ; ದಂಡಿನ ರಸ್ತೆಗಳು ಪೇಟೆಯವರಿಗೆ ಬಹುಕಾಲ ಪರಸ್ಥಳವೇ ಆಗಿದ್ದವು. ಲಾಲ್‌ಬಾಗಿನ ಮರವನ್ನೂ ದಂಡಿನ ಕಡೆಯ ಮರವನ್ನೂ ಒಂದೇ ಬಣ್ಣದ ಹಲಗೆಯಿಂದ, ಒಂದೇ ಪ್ರೀತಿಯಿಂದ ಬರೆಯುವುದು 1960ರ ದಶಕದಲ್ಲಿ ಸಹಜವಾಗಿ ಸಿಗುತ್ತಿದ್ದ ನೋಟವಲ್ಲ. ದಂಡಿನವರಿಗೆ ಅದು ಮನೆಯಂಗಳ, ಪೇಟೆಯವರಿಗೆ ಪರಸ್ಥಳ. ರುಮಾಲೆಯವರ ಕ್ಯಾನ್‌ವಾಸಿನಲ್ಲಿ ಅದು ಊರು.

ಇದಕ್ಕೆ ತಕ್ಷಣ ಏಳುವ ಆಕ್ಷೇಪ ಸ್ವದೇಶಿಯದ್ದು. ಗುಲ್‌ಮೊಹರು ಮಡಗಾಸ್ಕರಿನದು, ಜಕರಾಂಡ ಮತ್ತು ಟಬೆಬುಯಾ ದಕ್ಷಿಣ ಅಮೆರಿಕದ ಕಡೆಯವು, ಮಳೆಮರ ಮಧ್ಯ ಅಮೆರಿಕದ್ದು, ಸ್ಪ್ಯಾತೋಡಿಯ ಆಫ್ರಿಕದ್ದು. ವಿದೇಶಿ ಬಟ್ಟೆ ಸುಟ್ಟ ಪೀಳಿಗೆಯ ಖಾದಿಧಾರಿ ವಿದೇಶಿ ಮರಗಳನ್ನು ಹಾಡಿ ಹೊಗಳಿದ್ದು ಹೇಗೆ? ಹೊಂಗೆ, ಮುತ್ತುಗ, ಬೂರುಗಗಳಿಗೆ ಅವರ ಕೀರ್ತಿಯಲ್ಲಿ ಪಾಲು ಕಡಿಮೆಯಾದದ್ದು ಯಾಕೆ? ಆಕ್ಷೇಪದಲ್ಲಿ ಹುರುಳಿದೆ. ಎಲೆಯ ಚೆಲುವಿನ ಮರಗಳಿಗಿಂತ ಹೂವಿನ ಆರ್ಭಟದ ಮರಗಳು ಅವರನ್ನು ಬೇಗ ಸೆಳೆದವು. ಯುಗಾದಿಯ ಹೊತ್ತಿನ ಹೊಂಗೆಯ ಹೊಸ ಎಲೆಯ ಹೊಳಪು ಬೆಂಗಳೂರಿನ ಅತ್ಯಂತ ಹಳೆಯ ಸುಖಗಳಲ್ಲೊಂದು. ಇಲಾಖೆಯ ಹೂಗಳ ನಡುವೆ ಅದು ಹಿಂದಕ್ಕೆ ಸರಿಯಿತು. ಆದರೆ ಸ್ವದೇಶಿ ಎಂದರೆ ಹುಟ್ಟಿದ ಊರಿನ ದಾಖಲೆ ಎಂದುಕೊಳ್ಳುವುದಾದರೆ ನಮ್ಮ ಅಡುಗೆಮನೆಯಿಂದ ಮೆಣಸಿನಕಾಯಿ, ಕಡಲೆಕಾಯಿ, ಟೊಮೆಟೊಗಳನ್ನೂ ಹೊರಗೆ ಹಾಕಬೇಕಾಗುತ್ತದೆ. ಗಾಂಧೀಜಿಯ ಸ್ವದೇಶಿಗೆ ಆಧಾರವಾಗಿದ್ದುದು ನೆರೆಹೊರೆ: ಹತ್ತಿರದವರ ದುಡಿಮೆ, ಹತ್ತಿರದವರ ಸೇವೆ. ಬಟ್ಟೆಯ ವಿರೋಧ ಅದು ನೇಕಾರನ ಅನ್ನ ಕಸಿಯುತ್ತದೆಂದು ಹುಟ್ಟಿದ್ದು. ನೇಕಾರರ ಊರಿನಿಂದ ಬಂದ ರುಮಾಲೆಯವರಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಜಕರಾಂಡ ಯಾರ ಅನ್ನವನ್ನೂ ಕಸಿಯಲಿಲ್ಲ. ಅದನ್ನು ನೆಟ್ಟದ್ದು ಈ ನೆಲದ ತೆರಿಗೆ ಹಣ, ನೀರು ಹೊತ್ತದ್ದು ಈ ನೆಲದ ಮಾಲಿ. ಅರಮನೆ, ರೆಸಿಡೆನ್ಸಿ, ಜರ್ಮನ್ ಪರಿಣತ ಇವರೆಲ್ಲರ ಅಭಿರುಚಿಯಿಂದ ಆದ ಊರನ್ನು ಪ್ರಜೆಗಳು 1947ರಲ್ಲಿ ವಶಕ್ಕೆ ತೆಗೆದುಕೊಂಡರು. ವಿಧಾನಸೌಧ ಕಟ್ಟಿದ್ದು ಹಾಗೆ ವಶಕ್ಕೆ ತೆಗೆದುಕೊಳ್ಳುವ ಒಂದು ರೀತಿ. ಇದ್ದ ಮರವನ್ನು ಇದು ನಮ್ಮದು ಎಂಬ ಧೈರ್ಯದಿಂದ ದಿಟ್ಟಿಸುವುದು ಇನ್ನೊಂದು.

ಎರಡನೆಯ ಆಕ್ಷೇಪ ಇನ್ನೂ ಚುರುಕಾದದ್ದು, ಅದಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ. 1938ರ ಹರಿಪುರ ಕಾಂಗ್ರೆಸ್ಸಿಗೆ ಗಾಂಧೀಜಿಯ ಕೋರಿಕೆಯಂತೆ ನಂದಲಾಲ್ ಬೋಸ್ ಬರೆದ ಫಲಕಗಳಲ್ಲಿ ಡೋಲು ಬಡಿಯುವವನಿದ್ದಾನೆ, ನೂಲುವವಳಿದ್ದಾಳೆ, ದುಡಿಯುವ ಕೈಗಳ ಒಂದು ಮೆರವಣಿಗೆಯೇ ಇದೆ. ರಾಷ್ಟ್ರೀಯ ಚಳವಳಿಯ ಕಲೆ ಎಂದರೆ ಅದು. ರುಮಾಲೆಯವರಲ್ಲಿ ಮನುಷ್ಯರೆಲ್ಲಿ? ಇದ್ದರೂ ಮರದ ಬುಡದಲ್ಲಿ ಒಂದೆರಡು ಗೀರಿನಷ್ಟು. ಸಾರ್ವಜನಿಕ ಜಾಗದ ಚಿತ್ರಗಳಲ್ಲಿ ಸಾರ್ವಜನಿಕರೇ ಇಲ್ಲದಿದ್ದರೆ ಅದು ಎಂಥ ನಾಗರಿಕತೆ ಎಂದು ಕೇಳುವ ಹಕ್ಕು ಯಾರಿಗೂ ಇದೆ. ಒಂದು ಸಮಾಧಾನ ಹೇಳಬಹುದು: ಈ ಚಿತ್ರಗಳಲ್ಲಿ ನೋಡುವವನ ಕಣ್ಣು ನೆಲಮಟ್ಟದ್ದು, ಕಾಲುದಾರಿಯಲ್ಲಿ ನಿಂತವನ ಕಣ್ಣು. ಹೋಮನ ಬಳಗದಂತೆ ದುರ್ಗವನ್ನು ದೂರದಿಂದ ಅಳೆದು ನೋಡುವ ಎತ್ತರ ಅಲ್ಲಿಲ್ಲ. ಆ ಕಾಲುದಾರಿಯ ಜಾಗವನ್ನು ನೋಡುಗನಿಗಾಗಿ ಖಾಲಿ ಬಿಟ್ಟಂತಿದೆ. ಈ ಸಮಾಧಾನ ನೋಡುಗನಿಗೆ ಸಾಕು, ಮಾಲಿಗೆ ಸಾಲದು. ಗುಂಡಿ ತೋಡಿದವರು, ಬೇಸಗೆಯಲ್ಲಿ ಕೊಡ ಹೊತ್ತವರು, ಉದುರಿದ ಹೂವನ್ನು ಬೆಳಗಿನ ಜಾವ ಗುಡಿಸಿದವರು ರುಮಾಲೆಯವರ ಕೀರ್ತಿವಂತ ಚಿತ್ರಗಳಲ್ಲಿ ಎದ್ದು ಕಾಣುವುದಿಲ್ಲ. ಬಯಲು ಗುಡಿಸುವುದನ್ನೇ ಸೇವೆಯೆಂದು ಕಲಿತವರ ಕೈಯಲ್ಲಿ ಇದು ನಿಜವಾದ ಕೊರತೆ, ಮುಚ್ಚಿಡುವಂಥದ್ದಲ್ಲ.

ಮೂರನೆಯದು ಕಲಾವಿದರ ವಲಯದಿಂದಲೇ ಬಂದದ್ದು. 1960ರಲ್ಲಿ ಚಿತ್ರಕಲಾ ಪರಿಷತ್ತು ಹುಟ್ಟಿತು, ಆ ದಶಕದಲ್ಲೇ ಆರ್. ಎಂ. ಹಡಪದರು ಕೆನ್ ಕಲಾಶಾಲೆ ತೆರೆದರು. ಹೊಸ ಹುಡುಗರು ಆಕಾರ ಒಡೆಯುವುದನ್ನು ಕಲಿಯುತ್ತಿದ್ದ ಹೊತ್ತದು. ಅವರ ನಡುವೆ ಹೂಮರ ಬರೆಯುವ ಹಿರಿಯರು ಕ್ಯಾಲೆಂಡರಿನ ಚೆಲುವಿಗೆ ಒಲಿದವರಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಅಭಿಮಾನಿಗಳು ಇದಕ್ಕೆ ಉತ್ತರವಾಗಿ ವ್ಯಾನ್ ಗೋನನ್ನು ಕರೆತರುತ್ತಾರೆ, ಗೀರುಗಳ ಹೋಲಿಕೆ ತೋರಿಸುತ್ತಾರೆ. ಆ ಹೋಲಿಕೆಯಿಂದ ರುಮಾಲೆಯವರಿಗೆ ಲಾಭವಿಲ್ಲ, ಒಪ್ಪಿದರೆ ಅವರು ಎರಡನೆಯ ಪ್ರತಿಯಾಗುತ್ತಾರೆ. ವ್ಯಾನ್ ಗೋನ ಸೈಪ್ರೆಸ್ ಮರಗಳಲ್ಲಿ ಚಿತ್ರಕಾರನ ಒಳಗುದಿ ಮರಕ್ಕೆ ಹತ್ತಿಕೊಳ್ಳುತ್ತದೆ. ರುಮಾಲೆಯವರಲ್ಲಿ ಆ ಒಳಗುದಿಯ ಗುರುತೇ ಇಲ್ಲ. ತಮ್ಮ ಬಗ್ಗೆ ಹೇಳಿಕೊಳ್ಳುವ ಆಸೆ ಇಷ್ಟು ಕಡಿಮೆಯಿರುವ ವರ್ಣಚಿತ್ರಗಳು ವಿರಳ. ಕ್ಯಾಲೆಂಡರಿನ ಮಾತಿಗೆ ಬಂದರೆ, ಕ್ಯಾಲೆಂಡರಿನ ಮರ ಯಾವ ಊರಿನದೂ ಆಗಬಹುದು, ಹಳೆಯ ನಾಟಕದ ಪರದೆಯ ಹಾಗೆ. ಇವರ ಮರಕ್ಕೆ ವಿಳಾಸವಿದೆ, ತಿಂಗಳಿದೆ, ಹೊತ್ತಿದೆ. ಇಲ್ಲಿ ಒಂದು ಎಚ್ಚರವೂ ಬೇಕು. ಈ ಚಿತ್ರಗಳನ್ನು ಫೋಟೋದಂಥ ದಾಖಲೆ ಎಂದು ಓದುವುದು ತಪ್ಪು. ಬಣ್ಣವನ್ನು ಅವರು ಏರಿಸಿದ್ದಾರೆ, ಆಕಾಶವನ್ನು ಬೇಕಾದಂತೆ ಗಾಢ ಮಾಡಿದ್ದಾರೆ. ನಂಬಬಹುದಾದದ್ದು ಮರದ ಜಾತಿ, ಅದು ನಿಂತ ರೀತಿ, ಅದಕ್ಕೂ ರಸ್ತೆಗೂ ಕಟ್ಟಡಕ್ಕೂ ಇದ್ದ ಅಳತೆ. ಮರದ ಎತ್ತರಕ್ಕೆ ಕಟ್ಟಡಗಳು ತಗ್ಗಿ ನಿಂತ ಆ ಅಳತೆಯೇ ಈಗ ಅಪರೂಪದ ಚಾರಿತ್ರಿಕ ಸಾಕ್ಷ್ಯ.

ಚಿತ್ರಕಾರರ ಮನಸ್ಸಿನಲ್ಲಿ ಇಷ್ಟೆಲ್ಲ ಇತ್ತೇ, ಅವರು ಸುಮ್ಮನೆ ಹೂವಿಗೆ ಮರುಳಾಗಿರಬಾರದೇಕೆ ಎಂದೂ ಕೇಳಬಹುದು. ಮರುಳಾಗಿದ್ದರು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಯಾವುದಕ್ಕೆ ಮರುಳಾಗುತ್ತೇವೆ ಎಂಬುದನ್ನು ನಮ್ಮ ಹಿಂದಿನ ಬದುಕು ಗೊತ್ತುಮಾಡಿರುತ್ತದೆ. ಅವರು ಬರೆಯುತ್ತಿದ್ದ ವರ್ಷಗಳ ಬೆಂಗಳೂರನ್ನು ನೋಡಿ: 1951ರಲ್ಲಿ 8 ಲಕ್ಷ ಮುಟ್ಟದಿದ್ದ ಜನಸಂಖ್ಯೆ 1981ರ ಜನಗಣತಿಯಲ್ಲಿ 29 ಲಕ್ಷ. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್‌ಗಳ ಸುತ್ತ ಹೊಸ ಬಡಾವಣೆಗಳೆದ್ದವು, ರಸ್ತೆ ಅಗಲವಾಗತೊಡಗಿದವು. 1975ರಲ್ಲಿ ಲಾಲ್‌ಬಾಗು ಮತ್ತು ಕಬ್ಬನ್ ಪಾರ್ಕುಗಳನ್ನು ಕಾಯಲು ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಬಂತು, ಮರುವರ್ಷ ಮರಗಳ ಸಂರಕ್ಷಣಾ ಕಾಯ್ದೆ. ಕಾಯ್ದೆ ಬಂತು ಎಂದರೆ ಅಪಾಯ ಅಷ್ಟರಲ್ಲೇ ಬಾಗಿಲಿಗೆ ಬಂದಿತ್ತು ಎಂದರ್ಥ. ಶಾಸನಸಭೆ ‘ಇವು ಸಾರ್ವಜನಿಕ ಆಸ್ತಿ’ ಎಂದು ಕಾನೂನಿನ ಮಾತಿನಲ್ಲಿ ಹೇಳುವ ಹೊತ್ತಿಗೆ, ಅದೇ ಶಾಸಕಾಂಗದ ಮೇಲ್ಮನೆಯಲ್ಲಿ ಹಿಂದೆ ಕೂತಿದ್ದವರು ಹತ್ತು ಹನ್ನೆರಡು ವರ್ಷಗಳಿಂದ ಅದನ್ನೇ ಬಣ್ಣದಲ್ಲಿ ಹೇಳುತ್ತಿದ್ದರು. ಈಗ ಅವರನ್ನು ‘ಕಳೆದುಹೋದ ಉದ್ಯಾನನಗರಿ’ಯ ಕವಿಯಂತೆ ಮೆರೆಸುವುದು ರೂಢಿ. ಅದು ನಮ್ಮ ಹಳಹಳಿಕೆ. ಅವರು ಬರೆದದ್ದು ಎದುರಿಗೆ ನಿಂತಿದ್ದ ಮರವನ್ನು, ಆ ವರ್ಷದ ಹೂವನ್ನು; ಕಳೆದುಹೋದದ್ದರ ದುಃಖ ಆ ಗೀರುಗಳಲ್ಲಿ ಎಲ್ಲೂ ಇಲ್ಲ.

ವೆಂಕಟಪ್ಪನವರ ಹೆಸರಿನಲ್ಲಿ ಸರ್ಕಾರ ಕಬ್ಬನ್ ಪಾರ್ಕಿನ ಅಂಚಿನ ಕಸ್ತೂರಬಾ ರಸ್ತೆಯಲ್ಲಿ ಚಿತ್ರಶಾಲೆ ಕಟ್ಟಿಸಿತು, ಅವರ ಊಟಿಯ ಮಂಜು ಅಲ್ಲಿ ಭದ್ರವಾಗಿದೆ. ರುಮಾಲೆಯವರ ಕೃತಿಗಳ ದೊಡ್ಡ ಪಾಲು ಖಾಸಗಿ ಸಂಗ್ರಹಗಳಲ್ಲಿದೆ, ಆಗೀಗ ಪ್ರದರ್ಶನಕ್ಕೆ ಬರುತ್ತದೆ. ಎಲ್ಲರ ಮರಗಳನ್ನು ಬರೆದವರ ಚಿತ್ರಗಳು ಕೆಲವರ ಗೋಡೆಗಳಿಗೆ ಸೇರಿದ್ದು ಮಾರುಕಟ್ಟೆಯ ಸಹಜ ನಡೆ; ಅದಕ್ಕೆ ಸಂಗ್ರಾಹಕರನ್ನು ದೂರುವುದು ಸಲ್ಲ, ಅವರಿಲ್ಲದಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ. ಆದರೆ ಒಂದು ಕೆಲಸ ಬಾಕಿಯಿದೆ, ಅದು ಕಲಾವಿಮರ್ಶಕರೂ ತೋಟಗಾರಿಕೆಯವರೂ ಕೂಡಿ ಮಾಡಬೇಕಾದದ್ದು. ಈ ಕ್ಯಾನ್‌ವಾಸುಗಳನ್ನು ಒಂದೊಂದಾಗಿ ಜಾಗ, ಮರ, ತಿಂಗಳು ಗುರುತಿಸಿ ಪಟ್ಟಿ ಮಾಡಿ, ಲಾಲ್‌ಬಾಗಿನ ಹಳೆಯ ವರದಿಗಳು ಮತ್ತು ಕಾರ್ಪೊರೇಷನ್ನಿನ ರಸ್ತೆ ಅಗಲೀಕರಣದ ಕಡತಗಳ ಪಕ್ಕದಲ್ಲಿಟ್ಟು ಓದುವುದು. ಆಗ ಯಾವ ಮರ ಯಾವ ವರ್ಷ ಯಾರ ಸಹಿಯಿಂದ ಉರುಳಿತು ಎಂಬುದೂ ಒಂದು ಕಾಲಮ್ಮಿನಲ್ಲಿ ಬಂದು ಕೂರುತ್ತದೆ.